ಹೆಬ್ಬೆರಳೇ ಬ್ರೇಕ್ ಆದಾಗ: ಬೇಟ್‌ಕಾಸ್ಟಿಂಗ್ ರೀಲಿನಿಂದ ಸುಲಿದ ಚರ್ಮದ ಒಂದು ಪ್ರಕರಣ

ಏಪ್ರಿಲ್ ತಿಂಗಳ ಒಂದು ಭಾನುವಾರ ರಾತ್ರಿ ಡಲ್ಲಾಸಿನ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತ ನನ್ನ ಭಾವಮೈದುನ, ಮುದ್ದೆಯ ಮೊದಲ ತುತ್ತನ್ನು ಮುರಿದು ಉಪ್ಪುಸಾರಿನ ಖಾರಕ್ಕೆ ಅದ್ದುತ್ತಿದ್ದಂತೆಯೇ ಕೈ ಕೊಡವಿಕೊಂಡು ಎದ್ದು ನಲ್ಲಿಯ ಕಡೆಗೆ ಹೋದ. ಮಂಡ್ಯದ ಹುಡುಗ ಖಾರಕ್ಕೆ ಹೆದರುವವನಲ್ಲವಾದ್ದರಿಂದ ನಾನೂ ಹಿಂದೆಯೇ ಹೋಗಿ, ಸಿಂಕಿನ ಮೇಲಿನ ದೀಪದ ಕೆಳಗೆ ಅವನ ಬಲಗೈ ಹೆಬ್ಬೆರಳನ್ನು ಹಿಡಿದು ನೋಡಿದೆ. ಬೆರಳ ತಿರುಳಿನ ಮೇಲೆ, ಉಗುರಿನ ಎಡ ಅಂಚಿಗೆ ಹತ್ತಿರವಾಗಿ, ಉದ್ದಿನಬೇಳೆಯಷ್ಟು ಅಗಲದ ಜಾಗದಲ್ಲಿ ಚರ್ಮ ಸವೆದು ಕೆಂಪಗೆ ಹೊಳೆಯುತ್ತಿತ್ತು. ಅದರ ನಡುವೆ ಅಡ್ಡಲಾಗಿ ಒಂದು ತೆಳುವಾದ ಸುಟ್ಟ ಗೀರು ಇತ್ತು. ಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ ಮಾತ್ರ ಬೇರೆಯದೇ ಬಗೆಯ ತರಚು, ಉಪ್ಪುಕಾಗದದಿಂದ ಉಜ್ಜಿದಂತೆ, ಹರಡಿಕೊಂಡಿತ್ತು. ಆ ವಾರ ಕಚೇರಿಯ ಲ್ಯಾಪ್‌ಟಾಪ್ ಅವನ ಹೆಬ್ಬೆರಳ ಗುರುತನ್ನು ಒಪ್ಪಿಕೊಳ್ಳುತ್ತಿಲ್ಲವೆಂಬುದೂ ಆಗಲೇ ಗೊತ್ತಾಯಿತು.

"ಎಲ್ಲಾ ರೀಲಿನದೇ ಕೆಲಸ ಭಾವ, ಒಂದು ಜೊತೆ ಗ್ಲೌಸ್ ತಗೊಂಡ್ರೆ ಸರಿಹೋಗುತ್ತೆ ಬಿಡಿ" ಎಂದ. ರೀಲೆಂದರೆ ಮೀನು ಹಿಡಿಯುವ ಗಾಳದ ಕೋಲಿಗೆ ಸಿಕ್ಕಿಸುವ, ದಾರ ಸುತ್ತುವ ರಾಟೆ; ಬೇಟ್‌ಕಾಸ್ಟಿಂಗ್ ಅದರ ಒಂದು ಬಗೆ. ಅವನ ಮಾತಿನಲ್ಲಿ ಅರ್ಧ ಮಾತ್ರ ನಿಜವಿತ್ತು. ಉಳಿದರ್ಧ ಎಲ್ಲಿ ತಪ್ಪಿತ್ತು, ಮುಂದಿನ ಎರಡು ತಿಂಗಳಲ್ಲಿ ನಾವು ಏನೇನು ಮಾಡಿದೆವು, ಯಾವುದು ಫಲಿಸಿತು, ಯಾವುದು ಕೈಕೊಟ್ಟಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ನಾನು ವೈದ್ಯನಲ್ಲ, ಹದಿನೈದು ವರ್ಷಗಳಿಂದ ಇಂಥದೇ ರೀಲುಗಳನ್ನು ಬಳಸಿ ನನ್ನ ಹೆಬ್ಬೆರಳನ್ನೂ ಹಲವು ಬಾರಿ ಹಾಳುಮಾಡಿಕೊಂಡವನು.

ಅವನು ಮೀನು ಹಿಡಿಯಲು ಹೋಗುತ್ತಿದ್ದುದು ಡಲ್ಲಾಸಿನಿಂದ ಪೂರ್ವಕ್ಕೆ ಎರಡು ಗಂಟೆಯೊಳಗಿನ ದಾರಿಯ ಲೇಕ್ ಫೋರ್ಕ್ ಎಂಬ ಜಲಾಶಯಕ್ಕೆ. 1980ರಲ್ಲಿ ಕಟ್ಟಿ ಮುಗಿದ ಈ ಜಲಾಶಯದಲ್ಲಿ ಮುಳುಗಡೆಯಾದ ಮರಗಳನ್ನು ಹಲವೆಡೆ ಕಡಿಯದೆ ಹಾಗೆಯೇ ಬಿಟ್ಟಿದ್ದಾರೆ. ಆ ಒಣಮರಗಳ ಬುಡದಲ್ಲಿ ಲಾರ್ಜ್‌ಮೌತ್ ಬಾಸ್ ಎಂಬ ಅಗಲ ಬಾಯಿಯ ಮೀನು ಅಡಗಿರುತ್ತದೆ. ಟೆಕ್ಸಾಸ್ ರಾಜ್ಯದ ದಾಖಲೆಯ ಬಾಸ್, 18.18 ಪೌಂಡಿನದು, ಸಿಕ್ಕಿದ್ದು ಇಲ್ಲಿಯೇ, 1992ರ ಜನವರಿಯಲ್ಲಿ. ನಮ್ಮ ಪ್ರಕರಣಕ್ಕೆ ಆ ದಾಖಲೆಗಿಂತ ಮುಖ್ಯವಾದದ್ದು ಅಲ್ಲಿನ ಒಂದು ನಿಯಮ: 16ರಿಂದ 24 ಇಂಚು ಉದ್ದದ ಬಾಸ್ ಸಿಕ್ಕರೆ ಅದನ್ನು ಕೂಡಲೇ ನೀರಿಗೆ ಬಿಡಬೇಕು. ಅಂದರೆ ಸಿಕ್ಕ ಒಳ್ಳೆಯ ಮೀನುಗಳಲ್ಲಿ ಹೆಚ್ಚಿನವನ್ನು ಕೈಯಲ್ಲಿ ಹಿಡಿದು, ಕೊಕ್ಕೆ ಬಿಡಿಸಿ, ಅಳೆದು, ಬಿಡುವುದೇ ದಿನದ ಕೆಲಸ. ಇದಕ್ಕೂ ಹೆಬ್ಬೆರಳಿಗೂ ಸಂಬಂಧವಿದೆ.

ಈ ಬಗೆಯ ರೀಲನ್ನು ಕಾಣದವರಿಗಾಗಿ ಒಂದು ಮಾತು. ಹೊಸಬರು ಬಳಸುವ ಸಾಧಾರಣ ಸ್ಪಿನ್ನಿಂಗ್ ರೀಲಿನಲ್ಲಿ ಗಾಳವನ್ನು ಎಸೆದಾಗ ದಾರ ಸುತ್ತಿದ ಸ್ಪೂಲ್ ಅಲ್ಲಾಡದೆ ನಿಂತಿರುತ್ತದೆ, ದಾರ ಅದರ ಅಂಚಿನಿಂದ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡು ಹೋಗುತ್ತದೆ. ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಹಾಗಲ್ಲ. ಬಾವಿಯ ರಾಟೆಯಂತೆ ಸ್ಪೂಲೇ ತಿರುಗಿ ದಾರವನ್ನು ಬಿಡುತ್ತದೆ. ಗಾಳಿಯಲ್ಲಿ ಹಾರುವ ಲ್ಯೂರ್, ಅಂದರೆ ಮೀನಿನ ಆಕಾರದ ಆ ಹುಸಿ ಆಹಾರ, ಕ್ಷಣಕ್ಷಣಕ್ಕೂ ನಿಧಾನವಾಗುತ್ತದೆ. ಒಮ್ಮೆ ವೇಗ ಹಿಡಿದ ಸ್ಪೂಲ್ ತಾನಾಗಿ ನಿಧಾನವಾಗುವುದಿಲ್ಲ. ಬೇಕಾದ್ದಕ್ಕಿಂತ ಹೆಚ್ಚಾಗಿ ಹೊರಬಿದ್ದ ದಾರ ಅಲ್ಲಿಯೇ ಉಬ್ಬಿ ಸಿಕ್ಕಾಗುತ್ತದೆ. ಅದು ಒಮ್ಮೆ ಆದರೆ ಹಕ್ಕಿಗೂಡಿನಂಥ ಆ ಗಂಟನ್ನು ಬಿಡಿಸಲು ಅರ್ಧ ಗಂಟೆ ಹೋಗುತ್ತದೆ. ಇದನ್ನು ತಡೆಯುವುದೇ ಹೆಬ್ಬೆರಳಿನ ಕೆಲಸ. ಎಸೆಯುವ ಮೊದಲು ಅದು ಸ್ಪೂಲನ್ನು ಹಿಡಿದಿರುತ್ತದೆ, ಹಾರಾಟದ ನಡುವೆ ಬೇಕಾದರೆ ಸವರುತ್ತದೆ, ಲ್ಯೂರ್ ನೀರು ಮುಟ್ಟುವ ಕ್ಷಣಕ್ಕೆ ನಿಲ್ಲಿಸುತ್ತದೆ.

19ನೆಯ ಶತಮಾನದ ಆರಂಭದಲ್ಲಿ ಕೆಂಟಕಿಯ ಗಡಿಯಾರ ಕುಶಲಕರ್ಮಿಗಳು, ಅದರಲ್ಲೂ ಜಾರ್ಜ್ ಸ್ನೈಡರ್, ಹಲ್ಲುಚಕ್ರಗಳ ಇಂಥ ರೀಲುಗಳನ್ನು ಮಾಡತೊಡಗಿದಾಗ ಇವತ್ತಿನ ಬ್ರೇಕುಗಳು ಇರಲಿಲ್ಲ, ಬ್ರೇಕೆಂದರೆ ಹೆಬ್ಬೆರಳೇ. ಅಮೆರಿಕದ ಹಳಬರು ಈಗಲೂ ಪಳಗಿದವನ ಬಗ್ಗೆ ಮಾತನಾಡುವಾಗ ಅವನದು ವಿದ್ಯೆ ಕಲಿತ ಹೆಬ್ಬೆರಳು ಎನ್ನುತ್ತಾರೆ. ಸ್ವೀಡನ್ನಿನ ಆಬು ಕಂಪನಿ 1950ರ ದಶಕದಲ್ಲಿ ತಂದ ಆಂಬಾಸಡರ್ ರೀಲಿನಲ್ಲಿ ಸ್ಪೂಲಿನ ವೇಗಕ್ಕೆ ತಕ್ಕಂತೆ ಹೊರಕ್ಕೆ ಸರಿದು ಉಜ್ಜುವ ಪುಟ್ಟ ಬ್ರೇಕುಗಳಿದ್ದವು. ಆಮೇಲೆ ಅಯಸ್ಕಾಂತದ ಬ್ರೇಕುಗಳೂ ಬಂದವು. ಇವತ್ತಿನ ರೀಲಿನ ಪಕ್ಕದಲ್ಲಿ ಬ್ರೇಕಿಗೊಂದು ತಿರುಗುಗುಂಡಿ, ಸ್ಪೂಲಿನ ಬಿಗಿತಕ್ಕೆ ಇನ್ನೊಂದು ಇರುತ್ತದೆ. ಈ ಎರಡನ್ನೂ ಸರಿಯಾಗಿ ಇಟ್ಟುಕೊಂಡವನ ಹೆಬ್ಬೆರಳಿಗೆ ಉಳಿಯುವ ಕೆಲಸ ತೀರ ಸ್ವಲ್ಪ.

ನನ್ನ ಭಾವಮೈದುನ ಎರಡನ್ನೂ ಸಡಿಲಿಸಿಟ್ಟಿದ್ದ. ವೃತ್ತಿಪರರು ಬ್ರೇಕ್ ಗುಂಡಿಯನ್ನು ಹತ್ತರಲ್ಲಿ ಎರಡಕ್ಕೆ ಇಡುತ್ತಾರೆಂದು ಯಾವುದೋ ವಿಡಿಯೋದಲ್ಲಿ ನೋಡಿ, ಆರು ವಾರಗಳ ಹಿಂದಷ್ಟೇ ರೀಲು ಹಿಡಿದವನು ತಾನೂ ಎರಡಕ್ಕಿಟ್ಟಿದ್ದ. ಸಿಕ್ಕು ಬೀಳುವ ಭಯದಿಂದ ಎಸೆತದ ಉದ್ದಕ್ಕೂ ಹೆಬ್ಬೆರಳನ್ನು ದಾರದ ಮೇಲಿಂದ ಎತ್ತುತ್ತಲೇ ಇರಲಿಲ್ಲ. ಅವನು ಹೇಳಿದ ಲೆಕ್ಕದಂತೆ ನಿಮಿಷಕ್ಕೊಂದು ಎಸೆತ, ದಿನಕ್ಕೆ ಸುಮಾರು ಏಳು ಗಂಟೆ. ನಾಲ್ಕುನೂರು ಎಸೆತ ಎಂದುಕೊಳ್ಳೋಣ. ಒಂದೊಂದು ಎಸೆತ 25 ಮೀಟರ್ ಎಂದರೆ, ಬೆಳಗಿನಿಂದ ಸಂಜೆಯವರೆಗೆ ಆ ಒಂದು ಬೇಳೆಯಷ್ಟು ಚರ್ಮದ ಕೆಳಗೆ 10 ಕಿಲೋಮೀಟರ್ ದಾರ ಉಜ್ಜಿಕೊಂಡು ಹೋಗಿದೆ. ಅದೂ ಎಂಥ ದಾರ? ನಾಲ್ಕು ಎಳೆಗಳನ್ನು ಹೆಣೆದ ಪಾಲಿಎಥಿಲೀನ್ ದಾರ. ಉಗುರಿನಿಂದ ಗೀರಿದರೆ ಅದರ ಹೆಣಿಗೆ ಕರಕರ ಎನ್ನುತ್ತದೆ. ನೈಲಾನ್ ದಾರ ಒಂದೇ ನುಣುಪಾದ ತಂತಿಯಂತಿರುತ್ತದೆ. ಹೆಣೆದದ್ದು ಸಣ್ಣ ಅರದಂತೆ, ಜೊತೆಗೆ ಕೆರೆಯ ಕೆಸರಿನ ನುಣ್ಣನೆಯ ಮರಳನ್ನೂ ಎಳೆಗಳ ನಡುವೆ ಹೊತ್ತು ತರುತ್ತದೆ.

ಇಷ್ಟು ಕೇಳಿದ ಮೇಲೂ ಬೆರಳ ತುದಿಯ ತರಚು ನನಗೆ ಒಗಟಾಗಿಯೇ ಇತ್ತು. ಸ್ಪೂಲಿನ ಮೇಲೆ ಹೆಬ್ಬೆರಳು ಕೂರುವ ರೀತಿಗೆ ಅದು ಹೊಂದುತ್ತಿರಲಿಲ್ಲ. ಆದ್ದರಿಂದ ಗಾಯ ಮಾಗಲು ಎರಡು ವಾರ ಬಿಟ್ಟು ಮೂರನೆಯ ಶನಿವಾರ ಹಿತ್ತಲಿನಲ್ಲಿ ಒಂದು ಪರೀಕ್ಷೆ ಮಾಡಿದೆವು. ಅವನ ಹೆಬ್ಬೆರಳಿಗೆ ಬಿಳಿಯ ಬಟ್ಟೆಯ ಟೇಪು ಸುತ್ತಿ, ದೇವರ ಮನೆಯ ಕುಂಕುಮವನ್ನು ನೀರಿನಲ್ಲಿ ಕಲಸಿ ಸ್ಪೂಲಿನ ದಾರಕ್ಕೆ ಹಚ್ಚಿ, ಕೊಕ್ಕೆಯಿಲ್ಲದ ಸೀಸದ ತೂಕವೊಂದನ್ನು ಕಟ್ಟಿ, ಹುಲ್ಲಿನ ಮೇಲೆ ಇಪ್ಪತ್ತು ಬಾರಿ ಎಸೆಯಲು ಹೇಳಿದೆ. ನನ್ನ ಹೆಂಡತಿ ಕಿಟಕಿಯಿಂದ ನೋಡಿ, ಕುಂಕುಮಕ್ಕೆ ಇದೊಂದು ಗತಿ ಬಾಕಿಯಿತ್ತು ಎಂದಳು. ಟೇಪಿನ ಮೇಲೆ ಕೆಂಪು ಮೂಡಿದ್ದು ಎರಡೇ ಕಡೆ: ಉಗುರಿನ ಎಡ ಅಂಚಿನ ಹತ್ತಿರ ದಟ್ಟವಾಗಿ, ತಿರುಳಿನ ನಡುವೆ ಅಡ್ಡಗೆರೆಯಾಗಿ. ತುದಿಯ ಭಾಗ ಬಿಳಿಯಾಗಿಯೇ ಉಳಿದಿತ್ತು. ಮೊದಲ ದಿನ ಫೋನಿನಲ್ಲಿ ತೆಗೆದಿಟ್ಟಿದ್ದ ಗಾಯದ ಚಿತ್ರವನ್ನು ಪಕ್ಕಕ್ಕಿಟ್ಟು ನೋಡಿದರೆ, ಬೆರಳಿಗೆ ಗಾಯ ಮಾಡಿದ ಕೈಗಳು ಒಂದಲ್ಲ, ಮೂರು ಎಂಬುದು ಸ್ಪಷ್ಟವಾಯಿತು.

ಮೊದಲನೆಯದು ಎಸೆತದ ಸವೆತ. ಎರಡನೆಯದು, ಆ ಅಡ್ಡಗೆರೆ, ಮೀನು ಕಚ್ಚಿದಾಗ ಕೋಲನ್ನು ಎಳೆದು ಕೊಕ್ಕೆ ನಾಟಿಸುವ ಕ್ಷಣದ್ದು. ರೀಲಿನ ಡ್ರ್ಯಾಗ್, ಅಂದರೆ ಮೀನು ಜೋರಾಗಿ ಎಳೆದಾಗ ದಾರವನ್ನು ಹದವಾಗಿ ಬಿಟ್ಟುಕೊಡುವ ಬಿಗಿ, ಸಡಿಲವಾಗಿದ್ದರೆ ಆ ಎಳೆತಕ್ಕೆ ಸ್ಪೂಲ್ ಜಾರುತ್ತದೆ. ಜಾರದಂತೆ ಇವನು ಹೆಬ್ಬೆರಳನ್ನು ಒತ್ತಿ ಹಿಡಿಯುತ್ತಿದ್ದ. ಒತ್ತಿದ ಚರ್ಮದ ಕೆಳಗೆ ಸ್ಪೂಲ್ ಅರ್ಧ ಸುತ್ತು ಸುತ್ತಿದರೂ ಸಾಕು, ಹಗ್ಗ ಜಾರಿದಾಗ ಅಂಗೈ ಸುಡುವಂತೆ ಸುಡುತ್ತದೆ. ಮೂರನೆಯದಕ್ಕೂ ರೀಲಿಗೂ ಸಂಬಂಧವೇ ಇರಲಿಲ್ಲ, ಅದು ಮೀನಿನದು. ಬಾಸ್ ಮೀನನ್ನು ಹಿಡಿಯುವ ರೂಢಿಯ ಕ್ರಮವೆಂದರೆ ಅದರ ಬಾಯೊಳಗೆ ಹೆಬ್ಬೆರಳು ಇಟ್ಟು ಕೆಳದವಡೆಯನ್ನು ಚಿವುಟಿ ಹಿಡಿದು ಎತ್ತುವುದು. ಅದರ ಹಲ್ಲು ಕಚ್ಚುವ ಹಲ್ಲಲ್ಲ, ಬ್ರಷ್ಷಿನ ಕೂದಲಿನಂತೆ ಒತ್ತಾಗಿ ನಿಂತ ಸಣ್ಣ ಮುಳ್ಳುಗಳು; ಒಂದು ಮೀನು ಏನೂ ಮಾಡುವುದಿಲ್ಲ, ಒದ್ದಾಡುವ ಇಪ್ಪತ್ತು ಮೀನುಗಳು ಬೆರಳನ್ನು ತುರಿದುಬಿಡುತ್ತವೆ. ಬಾಸ್ ಹಿಡಿಯುವವರು ಇದನ್ನು ಬಾಸ್ ಥಂಬ್ ಎಂದು ಹೆಸರಿಟ್ಟು ಹೆಮ್ಮೆಯಿಂದ ತೋರಿಸಿಕೊಳ್ಳುವುದೂ ಉಂಟು.

ಇದನ್ನು ಹೇಳಿದಾಗ ಅವನಿಗೆ ಊರಿನ ನೆನಪಾಯಿತು. ಭೀಮೇಶ್ವರಿ, ಗಾಲಿಬೋರೆಗಳ ಕಾವೇರಿಯಲ್ಲಿ ಹಿಂದೆ ಮಹಸೀರ್ ಹಿಡಿದು ಬಿಡುವ ಗಾಳದಾಟ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿಗೆ ಬರುತ್ತಿದ್ದವರ ಕೈಯಲ್ಲೂ ಸ್ಪೂಲ್ ತಿರುಗುವ ದೊಡ್ಡ ರೀಲುಗಳಿರುತ್ತಿದ್ದವು. ಆದರೆ ರಾಗಿ ಹಿಟ್ಟಿನ ಉಂಡೆಯನ್ನು ಒಮ್ಮೆ ಸೆಳವಿಗೆ ಬಿಟ್ಟರೆ ಗಂಟೆಗಟ್ಟಲೆ ಕಾಯುವ ಆಟ ಅದು. ಎಸೆತದಿಂದ ಬೆರಳು ಸವೆಯುವ ಪ್ರಶ್ನೆಯಿಲ್ಲ. ಮಹಸೀರಿನ ದವಡೆಯಲ್ಲಿ ಹಲ್ಲುಗಳೂ ಇಲ್ಲ, ಅದರ ಹಲ್ಲಿರುವುದು ಗಂಟಲಲ್ಲಿ. ಅಲ್ಲಿ ಹೆಬ್ಬೆರಳಿಗೆ ಅಪಾಯವಿದ್ದದ್ದು ಒಂದೇ ಕಡೆಯಿಂದ, ಮೀನು ಸೆಳವಿನೊಳಗೆ ನುಗ್ಗಿದಾಗ ಸ್ಪೂಲನ್ನು ಬೆರಳಿನಿಂದ ತಡೆಯಲು ಹೋದವರಿಗೆ. ಒಂದೇ ಬಗೆಯ ರೀಲು, ಆದರೆ ಗಾಯ ಎಲ್ಲಿ ಆಗುತ್ತದೆಂಬುದು ಮೀನು ಯಾವುದು, ಆಟ ಯಾವುದು ಎಂಬುದರ ಮೇಲೆ ನಿಂತಿದೆ. ಆದ್ದರಿಂದಲೇ ಗಾಯದ ಜಾಗ ನೋಡದೆ ಗ್ಲೌಸ್ ಕೊಳ್ಳಬೇಡವೆಂದು ನಾನು ಅವನನ್ನು ತಡೆದದ್ದು. ಅಷ್ಟರಲ್ಲಿ ಅವನು ಕೊಂಡೂ ಆಗಿತ್ತು; ಬಿಸಿಲಿಗೆಂದು ಮಾರುವ, ಬೆರಳ ತುದಿಗಳು ತೆರೆದಿರುವ ಗ್ಲೌಸ್. ಅಂಗೈ, ಮುಂಗೈ ಎಲ್ಲವನ್ನೂ ಮುಚ್ಚಿ, ಸುಲಿದ ಜಾಗವೊಂದನ್ನು ಮಾತ್ರ ಹೊರಗೆ ಬಿಡುತ್ತಿತ್ತು.

ಗಾಯ ಮಾಗಲು ಎರಡು ವಾರ ಬಿಟ್ಟೆವು ಎಂದೆನಲ್ಲ, ಅದಕ್ಕೆ ಕಾರಣವಿದೆ. ಅಂಗೈ ಮತ್ತು ಬೆರಳ ತಿರುಳಿನ ಚರ್ಮ ದಪ್ಪವಾದರೂ ಅದರಲ್ಲಿ ಎಣ್ಣೆಯ ಗ್ರಂಥಿಗಳಿಲ್ಲ. ನೀರಿನಲ್ಲಿ ನೆನೆದರೆ ಬೇಗ ಮೆತ್ತಗಾಗುತ್ತದೆ, ಮೆತ್ತಗಾದ ಚರ್ಮಕ್ಕೆ ಘರ್ಷಣೆ ಹೆಚ್ಚು, ಸುಲಿಯುವುದೂ ಸುಲಭ. ಸವೆದ ಮೇಲ್ಪದರ ಮತ್ತೆ ಪೂರ್ತಿ ಬೆಳೆಯಲು ವಾರಗಳು ಬೇಕು. ಪ್ರತಿ ಶನಿವಾರ ಹೋಗುವವನಿಗೆ ಅಷ್ಟು ಸಮಯ ಸಿಗುವುದೇ ಇಲ್ಲ. "ಬಿಡಿ ಭಾವ, ಜಡ್ಡುಗಟ್ಟಿದರೆ ತಾನೇ ಸರಿಹೋಗುತ್ತೆ, ವೀಣೆ ನುಡಿಸೋರ ಬೆರಳಿಗೆ ಆಗಲ್ವಾ" ಎಂದ. ಒಣಬೆರಳಿನಿಂದ ಒಣತಂತಿಯ ಮೇಲೆ ದಿನವೂ ಅಭ್ಯಾಸ ಮಾಡುವವರ ಮಾತು ಬೇರೆ. ನೀರಿನಲ್ಲಿ ನೆನೆಯುವ ಜಡ್ಡು ಅಂಚಿನಲ್ಲಿ ಎದ್ದು, ದಾರಕ್ಕೆ ಸಿಕ್ಕಿಕೊಂಡು, ಕೆಳಗಿನ ಹಸಿ ಚರ್ಮದ ಸಮೇತ ಕಿತ್ತುಬರುತ್ತದೆ. ಆ ಎರಡು ವಾರ ಸೋಪು ನೀರಿನಲ್ಲಿ ತೊಳೆಯುವುದು, ರಾತ್ರಿ ವ್ಯಾಸಲೀನ್ ಸವರಿ ಸಣ್ಣ ಪಟ್ಟಿ ಕಟ್ಟುವುದು, ಇಷ್ಟೇ ಮಾಡಿದ. ಬಿರುಕಿಗೆ ಫೆವಿಕ್ವಿಕ್ ಥರದ ಅಂಟು ಹಾಕಿ ಮುಚ್ಚುವವರನ್ನು ದೋಣಿಗಳಲ್ಲಿ ಕಂಡಿದ್ದೇನೆ. ಹಸಿಗಾಯದ ಮೇಲೆ ಅದು ಉರಿಯುತ್ತದೆ, ಬಿಸಿಯೂ ಆಗುತ್ತದೆ, ನನ್ನ ಒಪ್ಪಿಗೆ ಅದಕ್ಕಿಲ್ಲ. ಟೆಟನಸ್ ಚುಚ್ಚುಮದ್ದು ಹತ್ತು ವರ್ಷಕ್ಕಿಂತ ಹಳೆಯದಾಗಿತ್ತು, ಅದನ್ನು ಹಾಕಿಸಿಕೊಂಡು ಬಂದ. ಮೀನು ಮುಟ್ಟಿದ ಗಾಯದಲ್ಲಿ ಕೆಂಪು ಹರಡುತ್ತಿದ್ದರೆ, ಮಿಡಿಯುವ ನೋವು ಅಥವಾ ಜ್ವರ ಬಂದರೆ, ವಾರಗಳ ನಂತರವಾದರೂ ಗಂಟು ಕಟ್ಟಿದರೆ ವೈದ್ಯರಿಗೆ ಮೀನಿನ ವಿಷಯ ಹೇಳಿಯೇ ತೋರಿಸಬೇಕು. ನೀರಿನಿಂದ ಬರುವ ಕೆಲವು ಸೋಂಕುಗಳಿಗೆ ಬೇರೆ ಔಷಧವೇ ಬೇಕಾಗುತ್ತದೆ.

ರೀಲಿನ ಹದ ಸರಿಪಡಿಸಲು ಒಂದು ಸಂಜೆ ಸಾಕಾಯಿತು. ಲ್ಯೂರನ್ನು ಕೋಲಿನ ತುದಿಯಿಂದ ತೂಗುಬಿಟ್ಟು, ಸ್ಪೂಲನ್ನು ಬಿಡಿಸುವ ಗುಂಡಿ ಒತ್ತಿದಾಗ ಲ್ಯೂರ್ ನಿಧಾನವಾಗಿ ಇಳಿದು ನೆಲ ಮುಟ್ಟಿದ ಕ್ಷಣಕ್ಕೇ ಸ್ಪೂಲ್ ನಿಲ್ಲುವಷ್ಟು ಬಿಗಿತವನ್ನು ಮೊದಲು ಇಟ್ಟೆವು. ಲ್ಯೂರಿನ ತೂಕ ಬದಲಾದಾಗಲೆಲ್ಲ ಇದನ್ನು ಮತ್ತೆ ನೋಡಬೇಕು. ಬ್ರೇಕನ್ನು ಎರಡರಿಂದ ಎಂಟಕ್ಕೆ ಏರಿಸಿ, ಎಸೆತ ನೆಟ್ಟಗಾದಂತೆ ಒಂದೊಂದೇ ಅಂಕ ಇಳಿಸಿ, ಐದರಲ್ಲಿ ನಿಲ್ಲಿಸಿದೆವು. ಗಾಳಿ ಎದುರಾದರೆ ಮತ್ತೆ ಏಳು. ದೂರ ನಾಲ್ಕೈದು ಮೀಟರ್ ಕಡಿಮೆಯಾಯಿತೆಂದು ಅವನು ಗೊಣಗಿದ. ಹತ್ತು ಗ್ರಾಮಿನ ಲ್ಯೂರಿನ ಬದಲು ಹದಿನಾಲ್ಕು ಗ್ರಾಮಿನದು ಕಟ್ಟಿದಾಗ ಆ ದೂರವೂ ಮರಳಿತು. ಸ್ಪೂಲಿನ ಅಂಚಿನವರೆಗೆ ತುಂಬಿದ್ದ ದಾರವನ್ನು ಅಂಚಿಗಿಂತ ಮೂರು ಮಿಲಿಮೀಟರ್ ಕೆಳಗೆ ಇಳಿಸಿದೆವು. ತೆರೆದ ನೀರಿಗೆ ಹದಿನೈದು ಪೌಂಡಿನ ಎಳೆತ ತಾಳುವ ನೈಲಾನ್ ದಾರ ಸುತ್ತಿ, ಹೆಣೆದ ದಾರವನ್ನು ಮರದ ಬುಡಗಳಿಗೆಂದು ಇನ್ನೊಂದು ರೀಲಿಗೆ ಇಟ್ಟ. ಅದನ್ನೂ ಮುಂದೆ ನುಣುಪಾದ ಎಂಟೆಳೆಯದಕ್ಕೆ ಬದಲಿಸಿದ. ಡ್ರ್ಯಾಗನ್ನು ಲಗೇಜ್ ತೂಗುವ ಕೊಕ್ಕೆತಕ್ಕಡಿಯಿಂದ ಎಳೆದು, ಸುಮಾರು ಎರಡು ಕಿಲೋಗೆ ದಾರ ಬಿಡುವಂತೆ ಹೊಂದಿಸಿದೆವು. ಹದಿನೈದು ಪೌಂಡಿನ ದಾರಕ್ಕೆ ಅದು ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ.

ಬೆರಳಿಗೆ ಹೊಸ ಪಾಠ ಹೇಳುವುದೇ ಕಷ್ಟವಾಯಿತು. ತಿರುಳಿನ ನಡುಭಾಗವನ್ನು ದಾರದ ಮೇಲೆ ಇಡದೆ, ಬೆರಳನ್ನು ಕೊಂಚ ಓರೆಯಾಗಿಸಿ ಸ್ಪೂಲಿನ ಲೋಹದ ಅಂಚನ್ನೂ ಸ್ವಲ್ಪ ದಾರವನ್ನೂ ಮುಟ್ಟುವಂತೆ ಇಡುವುದು. ಎಸೆದ ಮೇಲೆ ಬೆರಳನ್ನು ಎತ್ತಿ, ದಾರದಿಂದ ಕೂದಲೆಳೆಯಷ್ಟು ಮೇಲೆ ಇರಿಸಿ, ದಾರ ಉಬ್ಬಿ ಬೆರಳನ್ನು ತಾನೇ ಬಂದು ತಾಕಿದಾಗ ಮಾತ್ರ ಸವರುವುದು. ಲ್ಯೂರ್ ನೀರಿಗೆ ಬೀಳುವ ಮುನ್ನ ಒತ್ತುವುದು. ಹಿತ್ತಲಿನ ಹುಲ್ಲಿನ ಮೇಲೆ ಸಂಜೆ ಸಂಜೆ ಅಭ್ಯಾಸ ನಡೆಯಿತು. ಬ್ರೇಕು ತನ್ನ ಪಾಲಿನ ಕೆಲಸ ಮಾಡುತ್ತದೆಂಬ ನಂಬಿಕೆ ಹುಟ್ಟುವವರೆಗೆ ಅವನ ಬೆರಳು ಏಳಲೇ ಇಲ್ಲ. ನಾಲ್ಕನೆಯ ಸಂಜೆ ಎದ್ದಿತು.

ಮೀನಿನ ಪಾಲಿನ ಗಾಯಕ್ಕೆ ಉಪಾಯ ನಗು ಬರುವಷ್ಟು ಸರಳವಾಗಿತ್ತು: ಮೀನನ್ನು ಎಡಗೈಯಲ್ಲಿ ಹಿಡಿಯುವುದು. ಬಲಗೈ ಹೆಬ್ಬೆರಳಿಗೆ ರೀಲು, ಎಡಗೈ ಹೆಬ್ಬೆರಳಿಗೆ ಮೀನು. ದೊಡ್ಡ ಮೀನಾದರೆ ದವಡೆಯೊಂದರಿಂದಲೇ ನೇತಾಡಿಸದೆ, ಬಲಗೈಯನ್ನು ನೀರಿನಲ್ಲಿ ತೇವಮಾಡಿಕೊಂಡು ಹೊಟ್ಟೆಯ ಕೆಳಗೆ ಆಸರೆ ಕೊಡುವುದು ಮೀನಿಗೂ ಒಳ್ಳೆಯದು. ಸಣ್ಣವನ್ನು ದೋಣಿಯೊಳಗೆ ತರದೆ ನೀರಿನಲ್ಲಿಯೇ ಇಕ್ಕಳದಿಂದ ಕೊಕ್ಕೆ ಬಿಡಿಸಿ ಕಳಿಸಿದರೆ ಬೆರಳು ತಾಕುವುದೇ ಇಲ್ಲ. ಪ್ರತಿ ಮೀನಿನ ನಂತರ ಕೈ ಒರೆಸಲು ಸೊಂಟಕ್ಕೆ ಒಂದು ಹಳೆಯ ಪಂಚೆಯ ತುಂಡು ಸಿಕ್ಕಿಸಿಕೊಂಡ.

ಟೇಪಿನ ವಿಷಯದಲ್ಲಿ ನಾವು ಎರಡು ಬಾರಿ ಎಡವಿದೆವು. ಮೊದಲು ಬಳಸಿದ ಪ್ಲಾಸ್ಟಿಕ್ ಬ್ಯಾಂಡೇಜು ನೆನೆದು ಒಂದು ಗಂಟೆಯೊಳಗೆ ಜಾರಿತು. ಅದರ ಅಂಟು ದಾರಕ್ಕೆ ಹತ್ತಿ ಮುಂದಿನ ಎಸೆತ ಅಂಟಿಕೊಂಡು ನಿಂತಿತು. ಆಮೇಲೆ ದಪ್ಪ ಬಟ್ಟೆಯ ಟೇಪನ್ನು ಮೂರು ಸುತ್ತು ಸುತ್ತಿದಾಗ ಬೆರಳಿಗೆ ಸ್ಪೂಲಿನ ಸುಳಿವೇ ಸಿಗದೆ, ಹಿಂದಿಲ್ಲದಂಥ ಎರಡು ದೊಡ್ಡ ಸಿಕ್ಕುಗಳಾದವು. ಕೊನೆಗೆ ಒಗ್ಗಿದ್ದು ತನಗೆ ತಾನೇ ಅಂಟಿಕೊಳ್ಳುವ, ಚರ್ಮಕ್ಕೆ ಅಂಟದ ಎಳೆಯುವ ಟೇಪು, ಒಂದೂವರೆ ಸುತ್ತು, ಗೆಣ್ಣು ಬಿಟ್ಟು, ಬೆಳಗ್ಗೆ ದೋಣಿ ಇಳಿಸುವ ಮೊದಲು ಒಣ ಬೆರಳಿನ ಮೇಲೆ. ಉರಿ ಶುರುವಾದ ಮೇಲೆ ಸುತ್ತಿದರೆ ಅದು ಗಾಯ ಮುಚ್ಚುವ ಬಟ್ಟೆಯಾಗುತ್ತದೆ, ತಡೆಯಾಗುವುದಿಲ್ಲ. ವ್ಯಾಸಲೀನನ್ನು ಮಾತ್ರ ಬೆಳಗ್ಗೆ ಹಚ್ಚಬಾರದು. ಜಿಡ್ಡು ಬೆರಳಿಗೆ ಸ್ಪೂಲ್ ಹಿಡಿತಕ್ಕೆ ಸಿಗುವುದಿಲ್ಲ.

ಮೇ ತಿಂಗಳ ಮೂರು ಶನಿವಾರಗಳ ನಂತರ ನೋಡಿದಾಗ ತುದಿಯ ತರಚು ಪೂರ್ತಿ ಮಾಯವಾಗಿತ್ತು, ಉಗುರಂಚಿನ ಜಾಗ ಕೊಂಚ ನುಣುಪಾಗಿತ್ತಷ್ಟೇ, ಲ್ಯಾಪ್‌ಟಾಪೂ ರಾಜಿಯಾಗಿತ್ತು. ಜೂನ್ ಮೊದಲ ವಾರ ಮಾತ್ರ ಆ ಅಡ್ಡಗೆರೆ ಮತ್ತೆ ಬಂತು, ಟೇಪನ್ನೂ ಸೀಳಿಕೊಂಡು. ವಿಚಾರಿಸಿದರೆ ವಿಷಯ ಹೀಗಿತ್ತು. ಡ್ರ್ಯಾಗಿನ ಒಳಗಿನ ಬಿಲ್ಲೆಗಳು ಒತ್ತಡದಲ್ಲಿ ಚಪ್ಪಟೆಯಾಗದಿರಲೆಂದು ರೀಲನ್ನು ಎತ್ತಿಡುವಾಗ ಅದನ್ನು ಸಡಿಲಿಸಿಡಬೇಕೆಂದು ನಾನೇ ಹೇಳಿಕೊಟ್ಟಿದ್ದೆ; ಅವನು ನಿಷ್ಠೆಯಿಂದ ಸಡಿಲಿಸಿಟ್ಟಿದ್ದ. ಮುಂಜಾನೆಯ ಮೊದಲ ಮೀನು ಕಚ್ಚಿದಾಗ ಬಿಗಿ ಮಾಡಿಲ್ಲವೆಂಬುದು ನೆನಪಾಗುವ ಮೊದಲೇ ಬೆರಳು ಹಳೆಯ ಅಭ್ಯಾಸದಂತೆ ಸ್ಪೂಲಿನ ಮೇಲೆ ಒತ್ತಿತ್ತು. ಒಂದು ಸೆಕೆಂಡಿನ ಮಾತು. ಈಗ ಅವನ ಕೋಲಿನ ಹಿಡಿಯ ಮೇಲೆ, ಕೈ ಇಡುವಲ್ಲೇ, ಟೇಪಿನ ತುಂಡೊಂದನ್ನು ಸುತ್ತಿ ಅದರ ಮೇಲೆ ಮಾರ್ಕರಿನಿಂದ ದಪ್ಪಕ್ಷರದಲ್ಲಿ "ಡ್ರ್ಯಾಗ್ ನೋಡು" ಎಂದು ಕನ್ನಡದಲ್ಲಿ ಬರೆದುಕೊಂಡಿದ್ದಾನೆ.